ಯುಪಿಎಸ್ ಇದ್ರೂ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ, ಸ್ಪೈಕ್ ಬಸ್ಟರ್ ಎಲ್ಲಿ ಹಾಕಬೇಕು?

ಕೀಲಿಮಣೆ
ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ. ಒಂದಕ್ಕೊಂದು ಸಂಬಂಧ ಇರಬಹುದು ಅಂತ ಒಟ್ಟಿಗೇ ಕೇಳ್ತಿದ್ದೀನಿ.

ಇರೋದು ಇಷ್ಟು: 600 ವಿಎ (ವೋಲ್ಟ್-ಆಂಪಿಯರ್) ಲೈನ್ ಇಂಟರಾಕ್ಟಿವ್ ಯುಪಿಎಸ್, ಅಂದ್ರೆ ಕರೆಂಟ್ ಇದ್ದಾಗ ಅದನ್ನೇ ಕೊಟ್ಟು, ಹೋದಾಗ ಬ್ಯಾಟರಿಗೆ ಬದಲಾಯಿಸೋ ಥರದ್ದು. ಒಳಗೆ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಒಂದು, ನಾಲ್ಕು ವರ್ಷ ಹಳೆಯದು. 550 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ) ಇರೋ ಡೆಸ್ಕ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇದೆ. 24 ಇಂಚಿನ ಮಾನಿಟರ್, ರೂಟರ್, ಲೇಸರ್ ಪ್ರಿಂಟರ್. ಯುಪಿಎಸ್ ಹಿಂದೆ ಮೂರೇ ಸಾಕೆಟ್, ಅದಕ್ಕೇ ಒಂದಕ್ಕೆ ಸ್ಪೈಕ್ ಬಸ್ಟರ್ (ಸರ್ಜ್, ಅಂದ್ರೆ ಒಮ್ಮೆಲೇ ಏರೋ ವೋಲ್ಟೇಜ್ ತಡೆಯೋ ಬೋರ್ಡ್) ಸಿಕ್ಕಿಸಿ ಎಲ್ಲವನ್ನೂ ಅದರ ಮೇಲೆ ಹಾಕಿದೆ.

ಮೊದಲನೇದು: ಕರೆಂಟ್ ಹೋದ ಕ್ಷಣ ಮಾನಿಟರ್ ಉರೀತಾನೇ ಇರುತ್ತೆ, ಸಿಪಿಯು ಮಾತ್ರ ರೀಸ್ಟಾರ್ಟ್. ಬರೀ ಬ್ರೌಸರ್ ತೆರೆದಿದ್ರೆ ಹೀಗಾಗಲ್ಲ. ವಿಡಿಯೊ ರೆಂಡರ್ ಆಗ್ತಿದ್ರೆ ಪ್ರತಿ ಸಲ ಆಗುತ್ತೆ.

ಎರಡನೇದು: ಸ್ಪೈಕ್ ಬಸ್ಟರ್ ಗೋಡೆಗೂ ಯುಪಿಎಸ್‌ಗೂ ಮಧ್ಯೆ ಇರಬೇಕಾ, ಯುಪಿಎಸ್ ಆದ್ಮೇಲೆ ಇರಬೇಕಾ?

ತಾಮ್ರತಂತಿ
ಮೊದಲು ಲೇಸರ್ ಪ್ರಿಂಟರ್ ಯುಪಿಎಸ್‌ನಿಂದ ತೆಗೀರಿ. ಬಾಕಿ ಮಾತು ಆಮೇಲೆ.

ನೀಲಿಹಕ್ಕಿ
ಪ್ರಿಂಟರ್‌ಗೂ ರೀಸ್ಟಾರ್ಟ್‌ಗೂ ಏನ್ ಸಂಬಂಧ? ಸುಮ್ನೆ ನಿಂತಿದ್ದಾಗ ಐದೋ ಹತ್ತೋ ವ್ಯಾಟ್ ತಾನೆ ತಗೊಳ್ಳೋದು.

ತಾಮ್ರತಂತಿ
ಪ್ರಿಂಟ್ ಕೊಟ್ಟ ಕೂಡಲೇ ಹಾಗಿರಲ್ಲ. ಟೋನರ್ ಕರಗಿಸೋ ಫ್ಯೂಸರ್ ಒಳಗೆ ಹೀಟರ್ ಇದೆ. ಅದು ಆನ್ ಆದಾಗ ಕೆಲವು ನೂರು ವ್ಯಾಟ್‌ನಿಂದ ಸಾವಿರದ ಹತ್ತಿರದವರೆಗೂ ಎಳೆಯುತ್ತೆ, ಶಾಖ ಉಳಿಸಿಕೊಳ್ಳೋಕೆ ಮತ್ತೆ ಮತ್ತೆ ಆನ್ ಆಗುತ್ತೆ. 600 ವಿಎ ಯುಪಿಎಸ್ ಬ್ಯಾಟರಿ ಮೇಲಿದ್ದಾಗ ಆ ಒಂದು ಎಳೆತ ಬಂದ್ರೆ ಓವರ್‌ಲೋಡ್ ಆಗಿ ಎಲ್ಲವೂ ಆಫ್. ಇಂಕ್‌ಜೆಟ್ ಆದ್ರೆ ತೊಂದರೆ ಇಲ್ಲ, ಲೇಸರ್ ಮಾತ್ರ ಖಂಡಿತ ಬೇಡ.

ಓಮ್ ನಿಯಮ
ಪ್ರಿಂಟರ್ ತೆಗೆಯೋದು ಸರಿ, ಆದ್ರೆ ಇವರ ತೊಂದರೆ ಅದಲ್ಲ. ಓವರ್‌ಲೋಡ್ ಆಗಿದ್ರೆ ಮಾನಿಟರ್ ಕೂಡ ಆರಬೇಕಿತ್ತು. ಮಾನಿಟರ್ ಉರೀತಿದೆ ಅಂದ್ರೆ ಯುಪಿಎಸ್ ಔಟ್‌ಪುಟ್ ಬರ್ತಾನೇ ಇದೆ. ಮಧ್ಯದಲ್ಲಿ ಕೆಲವು ಮಿಲಿಸೆಕೆಂಡ್ ಮಾತ್ರ ಕೈಕೊಡ್ತಿದೆ.

ಲೈನ್ ಇಂಟರಾಕ್ಟಿವ್ ಯುಪಿಎಸ್ ಕರೆಂಟ್ ಹೋದದ್ದನ್ನ ಗುರುತಿಸಿ, ರಿಲೇ ತಿರುಗಿಸಿ, ಇನ್ವರ್ಟರ್ ಶುರು ಮಾಡೋಕೆ ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡ್ ತಗೊಳ್ಳುತ್ತೆ. ಅಷ್ಟು ಹೊತ್ತು ಕಂಪ್ಯೂಟರನ್ನ ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ನಡೆಸಬೇಕು. ಲೆಕ್ಕ ನೋಡಿ: 220 ಮೈಕ್ರೋಫ್ಯಾರಡ್ ಕೆಪಾಸಿಟರ್ 380 ವೋಲ್ಟ್‌ಗೆ ತುಂಬಿದೆ, 300ಕ್ಕೆ ಇಳಿಯೋವರೆಗೂ ಎಸ್‌ಎಂಪಿಎಸ್ ತಾಳುತ್ತೆ ಅಂದ್ಕೊಳ್ಳಿ. ಅದರಲ್ಲಿ ಬಳಸೋಕೆ ಸಿಗೋದು ಸುಮಾರು 6 ಜೂಲ್. 100 ವ್ಯಾಟ್ ಎಳೀತಿದ್ರೆ 60 ಮಿಲಿಸೆಕೆಂಡ್ ಬರುತ್ತೆ. 330 ವ್ಯಾಟ್ ಎಳೀತಿದ್ರೆ 18. ಕೆಪಾಸಿಟರ್ ಹಳೆಯದಾಗಿ ಅರ್ಧ ಶಕ್ತಿ ಕಳ್ಕೊಂಡಿದ್ರೆ 9. ಬ್ರೌಸರ್‌ನಲ್ಲಿ ಏನೂ ಆಗದೆ ರೆಂಡರ್‌ನಲ್ಲಿ ಬೀಳೋದು ಇದಕ್ಕೇ.

ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ.

ಹಳೇ ಬೆಸುಗೆ
ಲೆಕ್ಕ ಒಪ್ಪಿದೆ, ತೀರ್ಮಾನ ಒಪ್ಪಲ್ಲ ಸರ್. ಬ್ಯಾಟರಿಗೆ ನಾಲ್ಕು ವರ್ಷ ಅಂತ ಅವರೇ ಹೇಳಿದ್ದಾರಲ್ಲ. ಸತ್ತುಹೋಗ್ತಿರೋ ಬ್ಯಾಟರಿಯೂ ಇದನ್ನೇ ಮಾಡುತ್ತೆ. 300 ವ್ಯಾಟ್ ಲೋಡ್ ಅಂದ್ರೆ ಬ್ಯಾಟರಿಯಿಂದ 30 ಆಂಪಿಯರ್ ಆಚೀಚೆ. ಒಳರೋಧ ಹೆಚ್ಚಾಗಿರೋ ಬ್ಯಾಟರಿ ಆ ಮೊದಲ ಏಟಿಗೇ ಕುಸಿಯುತ್ತೆ, ಇನ್ವರ್ಟರ್ ಔಟ್‌ಪುಟ್ ಒಂದೆರಡು ಸೈಕಲ್ ನೆಲ ಕಚ್ಚಿ, ಸಿಪಿಯು ಬಿದ್ದು ಲೋಡ್ ಇಳಿದ ಮೇಲೆ ಮತ್ತೆ ಏಳುತ್ತೆ. ಮಾನಿಟರ್ ಎಳೆಯೋದು 25 ವ್ಯಾಟ್, ಅದರ ಕೆಪಾಸಿಟರ್ ಆ ಕುಸಿತ ದಾಟಿಸಿಬಿಡುತ್ತೆ. ಹೊರಗಿಂದ ನೋಡಿದ್ರೆ ಎರಡೂ ಕಾಯಿಲೆ ಒಂದೇ ಥರ.

ಎಸ್‌ಎಂಪಿಎಸ್ ಬದಲಾಯಿಸೋ ಮೊದಲು ಬ್ಯಾಟರಿ ಪರೀಕ್ಷೆ ಮಾಡಿ. ಕಂಪ್ಯೂಟರ್ ಬಿಚ್ಚಿ ಪಕ್ಕಕ್ಕಿಡಿ. ಯುಪಿಎಸ್‌ಗೆ 100 ವ್ಯಾಟ್‌ನ ಎರಡು ಹಳೇ ಥರದ ಫಿಲಮೆಂಟ್ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಆಗಲ್ಲ, ಅದು ಲೋಡೇ ಅಲ್ಲ. ಎಂಟು ಗಂಟೆ ಚಾರ್ಜ್ ಆದ್ಮೇಲೆ ಮೀಟರ್ ಬ್ಯಾಟರಿಗೆ ಹಚ್ಚಿ, ಸಾಕೆಟ್ ಸ್ವಿಚ್ ಆಫ್ ಮಾಡಿ. ಒಳ್ಳೇ ಬ್ಯಾಟರಿ 11.5 ವೋಲ್ಟ್ ಆಚೀಚೆ ಕೆಲವು ನಿಮಿಷ ನಿಲ್ಲುತ್ತೆ. ಕೆಟ್ಟದ್ದು ಕೆಲವೇ ಸೆಕೆಂಡಲ್ಲಿ 10.5ರ ಕೆಳಗೆ ಹೋಗುತ್ತೆ.

ನೀಲಿಹಕ್ಕಿ
ಲೋಡ್ ಯಾಕೆ ಬೇಕು? ಬ್ಯಾಟರಿ ತೆಗೆದು ಮೀಟರ್ ಹಿಡಿದ್ರೆ 12.8 ತೋರಿಸಿದ್ರೆ ಒಳ್ಳೇದು, ಅಷ್ಟೇ ಅಲ್ವಾ?

ಹಳೇ ಬೆಸುಗೆ
ಅಲ್ಲ. ಸುಮ್ನಿದ್ದಾಗಿನ ವೋಲ್ಟೇಜ್ ಚಾರ್ಜ್ ಎಷ್ಟಿದೆ ಅಂತ ಹೇಳುತ್ತೆ, ಬ್ಯಾಟರಿಗೆ ತಾಕತ್ತು ಎಷ್ಟು ಉಳಿದಿದೆ ಅಂತ ಹೇಳಲ್ಲ. ಒಣಗಿಹೋದ ಬ್ಯಾಟರಿಯೂ 12.9 ತೋರಿಸುತ್ತೆ.

ಫ್ಯೂಸ್ ಕ್ಯಾರಿಯರ್
ಒಂದು ನಿಮಿಷ, ಇದನ್ನ ಯಾರೂ ಹೇಳಲಿಲ್ಲ. ಯುಪಿಎಸ್ ಗೋಡೆಗೆ ಸಿಕ್ಕಿಸಿರುವಾಗ ಅಥವಾ ಇನ್ವರ್ಟರ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಬರಿಗೈಲಿ ಮುಟ್ಟಬೇಡಿ. ಬರೀ 12 ವೋಲ್ಟ್ ತಾನೆ ಅನ್ಕೊಂಡು ಕೈ ಹಾಕೋ ಜಾಗ ಅದಲ್ಲ. ಎಷ್ಟೋ ಚಿಕ್ಕ ಯುಪಿಎಸ್‌ಗಳಲ್ಲಿ ಬ್ಯಾಟರಿಗೂ ಮೇನ್ಸ್‌ಗೂ ಮಧ್ಯೆ ಐಸೊಲೇಶನ್ ಇರಲ್ಲ, ಬ್ಯಾಟರಿ ತಂತಿಯೇ ಅರ್ತ್‌ಗೆ ಹೋಲಿಸಿದ್ರೆ ಮೇನ್ಸ್ ವೋಲ್ಟೇಜ್‌ನಲ್ಲಿ ಇರಬಹುದು. ಎಲ್ಲ ಆಫ್ ಮಾಡಿ, ಪ್ಲಗ್ ಕಿತ್ತು, ಇನ್ಸುಲೇಶನ್ ಇರೋ ಕ್ಲಿಪ್ ಹಚ್ಚಿ, ಮೀಟರ್ ದೂರ ಇಟ್ಟು, ಆಮೇಲೆ ಆನ್ ಮಾಡಿ. ನಂತರ ಕಣ್ಣಲ್ಲಿ ಮಾತ್ರ ಓದಿ. ಕ್ಲಿಪ್ ಇಲ್ದಿದ್ರೆ ಬ್ಯಾಟರಿ ಹತ್ರ ಹೋಗದೆ, ಬಲ್ಬ್ ಎಷ್ಟು ಹೊತ್ತು ಉರಿಯುತ್ತೆ ಅಂತ ಗಡಿಯಾರ ನೋಡಿದ್ರೂ ಉತ್ತರ ಸಿಗುತ್ತೆ.

ಹಳೇ ಬೆಸುಗೆ
ಸರಿಯಾಗಿ ಹೇಳಿದ್ರಿ, ನಾನು ಮೊದಲೇ ಬರೀಬೇಕಿತ್ತು. ಗಡಿಯಾರದ ಪರೀಕ್ಷೆ ಸಾಕು. ಹೊಸ 7 ಎಎಚ್ ಬ್ಯಾಟರಿ 200 ವ್ಯಾಟ್‌ಗೆ 6ರಿಂದ 8 ನಿಮಿಷ ಬರುತ್ತೆ, 100 ವ್ಯಾಟ್‌ಗೆ 15ರಿಂದ 20.

ಸೊನ್ನೆಒಂದು
ಇದೇನ್ ಲೆಕ್ಕ? 12 × 7 = 84 ವ್ಯಾಟ್‌ಅವರ್. 200 ವ್ಯಾಟ್‌ಗೆ 25 ನಿಮಿಷ ಬರಬೇಕು.

ಓಮ್ ನಿಯಮ
ಆ 7 ಎಎಚ್ ಅನ್ನೋದು 20 ಗಂಟೆ ಕಾಲ ನಿಧಾನಕ್ಕೆ, 0.35 ಆಂಪಿಯರ್‌ನಂತೆ ಇಳಿಸಿದ್ರೆ ಸಿಗೋ ಸಂಖ್ಯೆ. ಸೀಸದ ಬ್ಯಾಟರಿಯನ್ನ 20 ಆಂಪಿಯರ್‌ನಲ್ಲಿ ಹಿಂಡಿದ್ರೆ ಅರ್ಧವೂ ಸಿಗಲ್ಲ. ಮೇಲಿಂದ ಇನ್ವರ್ಟರ್ ನಷ್ಟ 20 ಶೇಕಡಾ ಆಚೀಚೆ. ಡಬ್ಬದ ಮೇಲೆ 600 ವಿಎ ಅಂತಿದ್ರೂ ಈ ವರ್ಗದ ಹೆಚ್ಚಿನವು ಕೊಡೋದು 360 ವ್ಯಾಟ್. ನೋಡಬೇಕಾದ್ದು ವ್ಯಾಟ್. ಅದರಲ್ಲೂ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, 270. ಗ್ರಾಫಿಕ್ಸ್ ಕಾರ್ಡ್‌ಗಳು ಮಿಲಿಸೆಕೆಂಡ್ ಲೆಕ್ಕದಲ್ಲಿ ಸರಾಸರಿಗಿಂತ ತುಂಬಾ ಮೇಲೆ ಜಿಗೀತವೆ, ಆ ಜಿಗಿತಕ್ಕೆ ಜಾಗ ಬಿಡಬೇಕು.

ಎಸ್‌ಎಂಪಿಎಸ್ ಮೇಲೆ 550 ಅಂತ ಬರೆದಿದೆ ಅಂತ ಹೆದರೋದೂ ಬೇಡ. ಅದು ಕೊಡಬಲ್ಲ ಗರಿಷ್ಠ, ಎಳೆಯೋದು ಎಷ್ಟು ಅಂತ ಪ್ಲಗ್‌ಗೆ ಸಿಕ್ಕಿಸೋ ವ್ಯಾಟ್ ಮೀಟರ್‌ನಲ್ಲಿ ಅಳೀರಿ.

ಕೀಲಿಮಣೆ
ವ್ಯಾಟ್ ಮೀಟರ್ ಹಾಕಿದೆ. ಬ್ರೌಸರ್‌ನಲ್ಲಿ ಎಲ್ಲ ಸೇರಿ 95 ವ್ಯಾಟ್, ರೆಂಡರ್‌ನಲ್ಲಿ 290. ಪ್ರಿಂಟರ್ ಬೇರೆ ಕಡೆ ಹಾಕಿ ಅಳೆದಿದ್ದು. ಬಲ್ಬ್ ಪರೀಕ್ಷೆ: ಎರಡು ಬಲ್ಬ್ ಹಾಕಿ ಸ್ವಿಚ್ ಆಫ್ ಮಾಡಿದ ಕೂಡಲೇ ಮಂಕಾಗಿ, ಹಾಗೇ ಉರಿದು, 11 ಸೆಕೆಂಡಿಗೆ ಯುಪಿಎಸ್ ಕೂಗಿ ಆಫ್ ಆಯ್ತು.

ಹಳೇ ಬೆಸುಗೆ
11 ಸೆಕೆಂಡ್! ಬ್ಯಾಟರಿ ಮುಗಿದಿದೆ. ಆ ಮಂಕಾದ ಗಳಿಗೆಯಲ್ಲೇ ಸಿಪಿಯು ಬೀಳ್ತಿರೋದು.

ಓಮ್ ನಿಯಮ
ಒಪ್ಪಿದೆ, ಮೊದಲು ಬ್ಯಾಟರಿ. ಹೊಸದು ಹಾಕಿದ್ಮೇಲೂ 290 ವ್ಯಾಟ್‌ನಲ್ಲಿ ಬಿದ್ರೆ ಆಗ ಎಸ್‌ಎಂಪಿಎಸ್ ನೋಡೋಣ. ಒಂದು ವಿಷಯ ಮಾತ್ರ ಬಿಡಲ್ಲ: ಅಲೆಯ ಆಕಾರ. ಈ ಬೆಲೆವರ್ಗದ ಯುಪಿಎಸ್ ಬ್ಯಾಟರಿ ಮೇಲಿದ್ದಾಗ ಸೈನ್ ಅಲೆ (ಮೇನ್ಸ್ ಥರ ನುಣುಪಾಗಿ ಏರಿಳಿಯೋದು) ಕೊಡಲ್ಲ, ಮೆಟ್ಟಿಲು ಮೆಟ್ಟಿಲಾದ ಚೌಕದ ಅಲೆ ಕೊಡುತ್ತೆ. ಮಧ್ಯೆ ಸೊನ್ನೆಯಲ್ಲಿ ಸ್ವಲ್ಪ ಹೊತ್ತು ನಿಂತು, ಒಮ್ಮೆಲೇ ಮೇಲಕ್ಕೆ ಹಾರುತ್ತೆ. ಆಕ್ಟಿವ್ ಪಿಎಫ್‌ಸಿ (ಎಳೆಯೋ ಕರೆಂಟನ್ನ ಅಲೆಯ ಆಕಾರಕ್ಕೆ ಹೊಂದಿಸೋ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್ ಆ ಹಾರುವಿಕೆಯಲ್ಲಿ ಚುರುಕಾಗಿ ಕರೆಂಟ್ ಎಳೆಯುತ್ತೆ. ಕೆಲವು ಜೋಡಿ ಸುಮ್ನೆ ಗುಂಯ್ ಅನ್ನುತ್ತೆ, ಕೆಲವು ಜೋಡಿಯಲ್ಲಿ ಯುಪಿಎಸ್ ಓವರ್‌ಲೋಡ್ ಅಂತ ಕೈಬಿಡುತ್ತೆ. ಹೊಸ ಯುಪಿಎಸ್ ಕೊಳ್ಳೋ ದಿನ ಪ್ಯೂರ್ ಸೈನ್ ನೋಡಿ.

ಸೊನ್ನೆಒಂದು
ಪಿಎಫ್‌ಸಿ ಇದ್ರೆ ಪ್ಯೂರ್ ಸೈನ್ ಇಲ್ದೆ ನಡೆಯೋದೇ ಇಲ್ಲ ಅಂತ ಎಲ್ಲ ಕಡೆ ಓದಿದ್ದೆ.

ಓಮ್ ನಿಯಮ
ಅದು ಅತಿಯಾಯ್ತು. ಹೆಚ್ಚಿನವು ನಡೆಯುತ್ತವೆ. ಯಾವುದು ನಡೆಯಲ್ಲ ಅಂತ ಮೊದಲೇ ಹೇಳೋಕಾಗಲ್ಲ, ತೊಂದರೆ ಇರೋದು ಅಲ್ಲಿ. ಪೂರ್ತಿ ಲೋಡ್ ಕೊಟ್ಟು ಸ್ವಿಚ್ ಆಫ್ ಮಾಡಿ ನೋಡೋದೊಂದೇ ದಾರಿ.

ಫ್ಯೂಸ್ ಕ್ಯಾರಿಯರ್
ಹಾಗೆ ನೋಡುವಾಗ ಸಾಕೆಟ್‌ನ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಬೇಡಿ. ಪ್ಲಗ್ ಕಿತ್ರೆ ಅರ್ತ್ ಕೂಡ ಹೋಗುತ್ತೆ, ಕ್ಯಾಬಿನೆಟ್ ಪೂರ್ತಿ ತೇಲ್ತಾ ಇರುತ್ತೆ. ಸಾಕೆಟ್‌ಗೆ ಸ್ವಿಚ್ ಇಲ್ಲದ ಕಡೆ ಆ ಸಾಲಿನ ಎಂಸಿಬಿ ಇಳಿಸಿ.

ಈಗ ಎರಡನೇ ಪ್ರಶ್ನೆಗೆ ಬರ್ತೀನಿ, ಅದನ್ನ ಎಲ್ರೂ ಮರೆತ್ರಿ. ಯುಪಿಎಸ್ ಪ್ಲಗ್ ನೇರ ಗೋಡೆಗೆ. ಯುಪಿಎಸ್ ಆದ್ಮೇಲೆ ಸ್ಪೈಕ್ ಬಸ್ಟರ್ ಬೇಡ. ಸಾಕೆಟ್ ಸಾಲದಿದ್ರೆ ಒಳಗೆ ಏನೂ ಸರ್ಕ್ಯೂಟ್ ಇಲ್ಲದ ಸಾದಾ ಎಕ್ಸ್‌ಟೆನ್ಷನ್ ಬೋರ್ಡ್, ಮಾನಿಟರ್ ರೂಟರ್‌ನಂಥ ಸಣ್ಣ ಲೋಡ್‌ಗೆ ಮಾತ್ರ.

ನೀಲಿಹಕ್ಕಿ
ಯಾಕೆ ಬೇಡ? ಎರಡು ರಕ್ಷಣೆ ಇದ್ರೆ ಒಳ್ಳೇದೇ ಅಲ್ವಾ.

ಫ್ಯೂಸ್ ಕ್ಯಾರಿಯರ್
ಸರ್ಜ್ ಬರೋದು ಗೋಡೆ ಕಡೆಯಿಂದ. ಯುಪಿಎಸ್ ದಾಟಿದ್ಮೇಲೆ ಕಾವಲು ಕೂತು ಏನು ಮಾಡುತ್ತೆ? ಎಷ್ಟೋ ಸ್ಪೈಕ್ ಬಸ್ಟರ್ ಒಳಗೆ ಫಿಲ್ಟರ್ ಕೆಪಾಸಿಟರ್ ಇರುತ್ತೆ. ಮೆಟ್ಟಿಲು ಅಲೆ ಪ್ರತಿ ಸಲ ಹಾರಿದಾಗ ಅದು ಗಕ್ಕನೆ ಕರೆಂಟ್ ಕುಡಿಯುತ್ತೆ, ಬಿಸಿಯಾಗುತ್ತೆ, ಯುಪಿಎಸ್‌ಗೆ ಅದು ಓವರ್‌ಲೋಡ್ ಥರ ಕಾಣಬಹುದು. ಗೋಡೆಗೂ ಯುಪಿಎಸ್‌ಗೂ ಮಧ್ಯೆ ಹಾಕೋದು ಅಷ್ಟು ಕೆಟ್ಟದ್ದಲ್ಲ, ಆದ್ರೆ ಅಗ್ಗದ ಬೋರ್ಡಿನ ಸಡಿಲ ಕಾಂಟ್ಯಾಕ್ಟ್‌ನಿಂದ ಯುಪಿಎಸ್ ದಿನಕ್ಕೆ ಹತ್ತು ಸಲ ಬ್ಯಾಟರಿಗೆ ಹಾರಿದ್ರೆ ಬ್ಯಾಟರಿಯೇ ಸವೆಯುತ್ತೆ. ಯುಪಿಎಸ್ ಮ್ಯಾನ್ಯುಯಲ್ ಓದಿ, ನೇರ ಗೋಡೆಗೆ ಹಾಕಿ ಅಂತ ಬಹಳ ಸಲ ಅಲ್ಲೇ ಬರೆದಿರುತ್ತೆ.

ತಾಮ್ರತಂತಿ
ಸ್ಪೈಕ್ ಬಸ್ಟರ್ ಹೆಸರಲ್ಲಿ ಮಾರೋ ಎಷ್ಟೋ ಬೋರ್ಡ್ ಬಿಚ್ಚಿದ್ರೆ ಒಳಗಿರೋದು ಒಂದೇ ಒಂದು ನೀಲಿ ಬಿಲ್ಲೆ, ಲೈವ್‌ಗೂ ನ್ಯೂಟ್ರಲ್‌ಗೂ ಮಧ್ಯೆ. ಅದರ ಹೆಸರು ಎಂಒವಿ, ವೋಲ್ಟೇಜ್ ಮಿತಿ ಮೀರಿದಾಗ ಕರೆಂಟನ್ನ ತನ್ನ ಮೂಲಕ ಹರಿಸಿಬಿಡೋ ಭಾಗ. ಬಿಲ್ಲೆ ಮೇಲೆ 14ಡಿ431 ಅಂತಿದ್ರೆ 14 ಮಿಲಿಮೀಟರ್ ವ್ಯಾಸ, 430 ವೋಲ್ಟ್‌ನಲ್ಲಿ 1 ಮಿಲಿಆಂಪಿಯರ್ ಬಿಡೋಕೆ ಶುರು ಮಾಡುತ್ತೆ, ಸದಾ ತಡೆಯೋದು 275 ವೋಲ್ಟ್ ಎಸಿ. ದೊಡ್ಡ ಸರ್ಜ್ ಬಂದಾಗ ಅದು 710 ವೋಲ್ಟ್ ಅಥವಾ ಇನ್ನೂ ಮೇಲಕ್ಕೆ ಬಿಟ್ಟೇ ಬಿಡುತ್ತೆ. 431 ಅಂದ್ರೆ 430ಕ್ಕೆ ಕತ್ತರಿಸುತ್ತೆ ಅಂತ ಅರ್ಥ ಅಲ್ಲ.

ಇದಕ್ಕಿಂತ ಮುಖ್ಯವಾದ ವಿಷಯ: ಲೈವ್, ನ್ಯೂಟ್ರಲ್, ಅರ್ತ್ ಮೂರರ ಮಧ್ಯೆಯೂ ಬಿಲ್ಲೆ ಇರಬೇಕು, ಒಟ್ಟು ಮೂರು. ಅರ್ತ್‌ಗೆ ಹೋಗೋ ಎರಡು ಕೆಲಸ ಮಾಡಬೇಕಾದ್ರೆ ಗೋಡೆಯಲ್ಲಿ ಅರ್ತಿಂಗ್ ನಿಜವಾಗಿ ಇರಬೇಕು. ಮೂರನೇ ಪಿನ್ ಇಲ್ಲದ ಅಡಾಪ್ಟರ್‌ಗೆ ಎಷ್ಟೇ ದುಬಾರಿ ಸರ್ಜ್ ಪ್ರೊಟೆಕ್ಟರ್ ಸಿಕ್ಕಿಸಿದ್ರೂ ಆ ಎರಡು ಬಿಲ್ಲೆ ಇದ್ದೂ ಇಲ್ಲದ ಹಾಗೆ.

ಕೀಲಿಮಣೆ
ಅರ್ತಿಂಗ್ ಇದೆಯಾ ಅಂತ ನೋಡೋದು ಹೇಗೆ? ಲೈವ್-ಅರ್ತ್ ಮಧ್ಯೆ ಬಲ್ಬ್ ಹಾಕಿ ನೋಡ್ತಾರಲ್ಲ.

ಫ್ಯೂಸ್ ಕ್ಯಾರಿಯರ್
ಬಲ್ಬ್ ಹಾಕೋದು ಬೇಡ ಮಾರಾಯ್ರೆ. ಅರ್ತ್ ತಂತಿ ಎಲ್ಲೋ ಕಡಿದಿದ್ರೆ ಅದಕ್ಕೆ ಸೇರಿರೋ ಬೇರೆ ಉಪಕರಣಗಳ ಲೋಹದ ಮೈಗೆಲ್ಲ ಆ ಬಲ್ಬ್ ಮೂಲಕ ಲೈವ್ ಹೋಗುತ್ತೆ. ಮೀಟರ್‌ನಲ್ಲಿ ಲೈವ್-ನ್ಯೂಟ್ರಲ್, ಲೈವ್-ಅರ್ತ್ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು, ನ್ಯೂಟ್ರಲ್-ಅರ್ತ್ ಕೆಲವೇ ವೋಲ್ಟ್. ನ್ಯೂಟ್ರಲ್-ಅರ್ತ್ ಹತ್ತಾರು ವೋಲ್ಟ್ ತೋರಿಸಿದ್ರೆ ಏನೋ ಸಡಿಲ ಇದೆ. ಸಂಖ್ಯೆ ಸರಿ ಇದ್ರೂ ಅರ್ತ್‌ನ ರೋಧ ಕಡಿಮೆ ಇದೆ ಅಂತ ಮಾತ್ರ ಸಾಬೀತಾಗಲ್ಲ, ಏಕೆಂದರೆ ಮೀಟರ್ ಎಳೆಯೋ ಕರೆಂಟ್ ಏನೇನೂ ಅಲ್ಲ. ಲೂಪ್ ಟೆಸ್ಟರ್ (ಅರ್ತ್ ದಾರಿಯ ರೋಧ ಅಳೆಯೋ ಉಪಕರಣ) ಇರೋ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ.

ಅವರು ಬಂದಾಗಲೇ ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಡಿವೈಸ್ (ಬೋರ್ಡಿನಲ್ಲೇ ಕೂರೋ ಸರ್ಜ್ ತಡೆ) ಹಾಕಿಸೋದು ಒಳ್ಳೇದು. ದೊಡ್ಡ ಏಟನ್ನ ಅಲ್ಲೇ ಇಳಿಸಿ, ಉಳಿದದ್ದನ್ನ ಮೇಜಿನ ಹತ್ತಿರದ ಟೈಪ್ 3, ಅಂದ್ರೆ ಸಾಕೆಟ್‌ಗೆ ಸಿಕ್ಕಿಸೋ ಸರ್ಜ್ ಪ್ರೊಟೆಕ್ಟರ್, ನೋಡಿಕೊಳ್ಳುತ್ತೆ. ಅರ್ತ್ ಬಾರ್‌ಗೆ ಹೋಗೋ ತಂತಿ ಆದಷ್ಟು ಗಿಡ್ಡ ಇರಲಿ, ಅರ್ಧ ಮೀಟರ್ ಒಳಗೆ. ತಂತಿ ಉದ್ದವಾದಷ್ಟೂ ಆ ಮೈಕ್ರೋಸೆಕೆಂಡಿನಲ್ಲಿ ಅದರ ಮೇಲೇ ನೂರಾರು ವೋಲ್ಟ್ ಏಳುತ್ತೆ.

ನೀಲಿಹಕ್ಕಿ
ಹಾಗಾದ್ರೆ ಡಬ್ಬದ ಮೇಲಿನ ಜೂಲ್ (ಸರ್ಜ್‌ನ ಎಷ್ಟು ಶಕ್ತಿ ಹೀರಬಲ್ಲದು ಅನ್ನೋ ಸಂಖ್ಯೆ) ಹೆಚ್ಚಿರೋದನ್ನ ತಗೊಂಡ್ರೆ ಸಾಕಲ್ಲ?

ತಾಮ್ರತಂತಿ
ಮೂರು ಬಿಲ್ಲೆಯ ಜೂಲ್ ಕೂಡಿಸಿ ಡಬ್ಬದ ಮೇಲೆ ಬರೀತಾರೆ, ಒಂದು ಜೋಡಿ ತಂತಿಗೆ ಸಿಗೋದು ಒಂದರದ್ದೇ. ಹೆಚ್ಚು ಜೂಲ್ ಅಂದ್ರೆ ಹೆಚ್ಚು ದಿನ ಬಾಳುತ್ತೆ, ಅಷ್ಟೇ. ಎಷ್ಟು ವೋಲ್ಟ್ ಒಳಗೆ ಬಿಡುತ್ತೆ ಅನ್ನೋದು ಬೇರೆ ಸಂಖ್ಯೆ. ಪ್ರತಿ ಏಟಿಗೂ ಎಂಒವಿ ಒಂದಿಷ್ಟು ಸವೆಯುತ್ತೆ. ಸವೆದು ಸಾಯೋ ಹೊತ್ತಿಗೆ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದಕ್ಕೇ ಥರ್ಮಲ್ ಫ್ಯೂಸ್ ಇರೋದನ್ನೇ ಕೊಳ್ಳಿ. 'ಪ್ರೊಟೆಕ್ಟೆಡ್' ದೀಪ ಆರಿದ್ರೆ ಸಾಕೆಟ್‌ನಲ್ಲಿ ಕರೆಂಟ್ ಬರ್ತಾ ಇದ್ರೂ ರಕ್ಷಣೆ ಮುಗಿದಿದೆ ಅಂತ ತಿಳ್ಕೊಂಡು ಬೋರ್ಡ್ ಬದಲಾಯಿಸಿ.

ಇನ್ನೊಂದು ಅಪಾಯ ಇದೆ. ತ್ರೀ ಫೇಸ್ ಸಾಲಿನಲ್ಲಿ ನ್ಯೂಟ್ರಲ್ ಕಡಿದ್ರೆ 230 ಬರೋ ಜಾಗದಲ್ಲಿ 300, 350, ಕೆಲವೊಮ್ಮೆ 400ರ ಹತ್ತಿರ ಬಂದು ಹಾಗೇ ನಿಲ್ಲುತ್ತೆ. ಎಂಒವಿ ಇರೋದು ಮೈಕ್ರೋಸೆಕೆಂಡ್ ಏಟಿಗೆ, ನಿಮಿಷಗಟ್ಟಲೆ ಬರೋ ಹೆಚ್ಚು ವೋಲ್ಟೇಜ್‌ಗಲ್ಲ. ಅದಕ್ಕೆ ಬೇಕಾದ್ದು ವೋಲ್ಟೇಜ್ ನೋಡಿ ಸಂಪರ್ಕ ಕಡಿಯೋ ರಿಲೇ, ಮೇನ್ ಬೋರ್ಡಿನಲ್ಲಿ ಕೂರಿಸೋದು.

ಸೊನ್ನೆಒಂದು
ಸಿಡಿಲಿಗೆ?

ತಾಮ್ರತಂತಿ
ಪ್ಲಗ್ ಕೀಳಿ. ಮಿಂಚು ಹತ್ತಿರ ಬರೋ ಮೊದಲೇ. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರ್ತಿದ್ರೆ ಅದನ್ನೂ. ಎಷ್ಟೋ ಮದರ್‌ಬೋರ್ಡ್ ಹೋಗೋದು ಲ್ಯಾನ್ ಪೋರ್ಟ್ ದಾರಿಯಲ್ಲಿ, ಪ್ಲಗ್ ದಾರಿಯಲ್ಲಲ್ಲ. ಫೈಬರ್ ಆದ್ರೆ ಗಾಜಿನ ಎಳೆಯಲ್ಲಿ ಸರ್ಜ್ ಬರಲ್ಲ, ಆದ್ರೆ ಆ ಡಬ್ಬಿಯ ಅಡಾಪ್ಟರ್ ಗೋಡೆಯಲ್ಲೇ ಇದೆ, ಅದನ್ನೂ ಕೀಳಿ.

ನೀಲಿಹಕ್ಕಿ
ಮನೆಗೆಲ್ಲ ಇನ್ವರ್ಟರ್ ಇದ್ರೆ ಯುಪಿಎಸ್ಸೇ ಬೇಡ ಅಲ್ವಾ?

ಹಳೇ ಬೆಸುಗೆ
ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇರುತ್ತೆ ನೋಡಿ, ಅದನ್ನ ಯುಪಿಎಸ್ ಮೋಡ್‌ಗೆ ಹಾಕಿದ್ರೆ ಬದಲಾವಣೆ ಬೇಗ ಆಗುತ್ತೆ, ಕಂಪ್ಯೂಟರ್ ಬಹಳ ಸಲ ತಾಳುತ್ತೆ. ಆದ್ರೆ ಎಲ್ಲ ಕಂಪ್ಯೂಟರ್ ತಾಳಲ್ಲ, ಮೇಲಿನ 18 ಮಿಲಿಸೆಕೆಂಡ್ ಲೆಕ್ಕ ಇಲ್ಲಿಗೂ ಅನ್ವಯಿಸುತ್ತೆ. ಎರಡನ್ನೂ ಇಟ್ಕೊಂಡ್ರೆ ಚೆನ್ನ: ಆ ಕ್ಷಣವನ್ನ ಚಿಕ್ಕ ಯುಪಿಎಸ್ ದಾಟಿಸುತ್ತೆ, ಗಂಟೆಗಟ್ಟಲೆ ಕರೆಂಟ್ ಇನ್ವರ್ಟರ್ ಕೊಡುತ್ತೆ. ಇನ್ವರ್ಟರ್ ಪ್ಯೂರ್ ಸೈನ್ ಆಗಿರಬೇಕು. ಇಲ್ದಿದ್ರೆ ಯುಪಿಎಸ್ ಆ ಅಲೆಯನ್ನ ಕರೆಂಟ್ ಅಂತ ಒಪ್ಪದೆ ಬ್ಯಾಟರಿ ಮೇಲೇ ಕೂತು ಖಾಲಿಯಾಗುತ್ತೆ. ಜನರೇಟರ್‌ನಲ್ಲೂ ಇದೇ ಕಥೆ, ಯುಪಿಎಸ್‌ನಲ್ಲಿ ಸೆನ್ಸಿಟಿವಿಟಿ ಸೆಟಿಂಗ್ ಇದ್ರೆ ಕಡಿಮೆ ಮಾಡಿ.

ಕೀಲಿಮಣೆ
ಬ್ಯಾಟರಿ ಬದಲಾಯಿಸ್ತೀನಿ. ಕೊಳ್ಳುವಾಗ ಏನ್ ನೋಡಬೇಕು? ಲಿಥಿಯಂ ಹಾಕಿದ್ರೆ ಹೆಚ್ಚು ದಿನ ಬರುತ್ತಂತೆ.

ಹಳೇ ಬೆಸುಗೆ
ಲಿಥಿಯಂ ಬೇಡ ಈ ಯುಪಿಎಸ್‌ಗೆ. ಇದರ ಚಾರ್ಜರ್ ಸೀಸದ ಬ್ಯಾಟರಿಗೆ ಅಂತ 13.5ರಿಂದ 13.8 ವೋಲ್ಟ್‌ನಲ್ಲಿ ಸದಾ ಹಿಡಿದಿರೋದು. ಲಿಥಿಯಂ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) 30 ಆಂಪಿಯರ್ ಎಳೆತಕ್ಕೆ ಕಡಿದುಬಿಟ್ರೆ ಮತ್ತೆ ಅದೇ ರೀಸ್ಟಾರ್ಟ್.

ನೋಡಬೇಕಾದ್ದು: ಅಳತೆ 151 × 65 ಮಿಲಿಮೀಟರ್, ಎತ್ತರ ಟರ್ಮಿನಲ್ ಸೇರಿ 100ರ ಹತ್ತಿರ. ಹಳೇ ಬ್ಯಾಟರಿಯ ಟರ್ಮಿನಲ್ ಅಗಲ ಅಳೀರಿ. ಎಫ್1 ಅಂದ್ರೆ 4.75 ಮಿಲಿಮೀಟರ್, ಎಫ್2 ಅಂದ್ರೆ 6.35. ಎಫ್1 ಬ್ಯಾಟರಿಗೆ ಎಫ್2 ಕನೆಕ್ಟರ್ ಸಡಿಲವಾಗಿ ಕೂರುತ್ತೆ, ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿದ್ರೂ 30 ಆಂಪಿಯರ್‌ಗೆ ಬಿಸಿಯಾಗುತ್ತೆ. ಹೈ ರೇಟ್ ಅಂತ ಬರೆದಿರೋದು ಸಿಕ್ರೆ ಅದೇ ತಗೊಳ್ಳಿ, ಜೋರಾಗಿ ಎಳೆದಾಗ ಕುಸಿಯೋದು ಕಡಿಮೆ. ತಯಾರಾದ ತಿಂಗಳು ನೋಡಿ, ಚಾರ್ಜ್ ಇಲ್ಲದೆ ಆರು ತಿಂಗಳ ಮೇಲೆ ಕೂತಿದ್ದನ್ನ ಬಿಡಿ.

ಪ್ಲಗ್ ಕಿತ್ತು, ಯುಪಿಎಸ್ ಆಫ್ ಮಾಡಿ, ಮೊದಲು ಕಪ್ಪು ತಂತಿ ತೆಗೀರಿ. ಬ್ಯಾಟರಿ ಊದಿಕೊಂಡಿದ್ರೆ ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯೋಕೆ ಹೋಗಬೇಡಿ, ಡಬ್ಬದ ಎರಡೂ ಭಾಗ ಬಿಚ್ಚಿ ಎತ್ತಿ. ಹೊಸದಕ್ಕೆ ಕೊನೇ ತಂತಿ ಮುಟ್ಟಿಸುವಾಗ ಚಟ್ ಅಂತ ಸಣ್ಣ ಕಿಡಿ ಬರುತ್ತೆ, ಒಳಗಿನ ಕೆಪಾಸಿಟರ್ ತುಂಬೋದು ಅದು, ಗಾಬರಿ ಬೇಡ. ಕೆಂಪು ಕಪ್ಪು ಅದಲುಬದಲಾದ್ರೆ ಮಾತ್ರ ಬೋರ್ಡ್ ಹೋಗುತ್ತೆ. ಹಳೇದನ್ನ ಕಸಕ್ಕೆ ಹಾಕಬೇಡಿ, ಸೀಸ ಇದೆ, ಬ್ಯಾಟರಿ ಮಾರೋರಿಗೇ ವಾಪಸ್ ಕೊಡಿ.

ಮೇಜಿನ ಕೆಳಗೆ ಸಿಪಿಯು ಬಿಸಿಗಾಳಿ ಬೀಳೋ ಜಾಗದಿಂದ ಯುಪಿಎಸ್ ಸರಿಸಿ. 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಬ್ಯಾಟರಿ ಆಯಸ್ಸು ಸುಮಾರು ಅರ್ಧ ಆಗುತ್ತೆ.

ಕೀಲಿಮಣೆ
ಹೊಸ ಬ್ಯಾಟರಿ, ಹೈ ರೇಟ್, ಎಫ್2. ರಾತ್ರಿಯೆಲ್ಲ ಚಾರ್ಜ್ ಮಾಡಿ ರೆಂಡರ್ ಹಾಕಿ ಸ್ವಿಚ್ ಆಫ್ ಮಾಡಿದೆ. ಐದು ಸಲ ಮಾಡಿದೆ, ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲ. ಎರಡು ಬಲ್ಬ್‌ಗೆ 7 ನಿಮಿಷ 20 ಸೆಕೆಂಡ್. ಸ್ಪೈಕ್ ಬಸ್ಟರ್ ತೆಗೆದು ಸಾದಾ ಬೋರ್ಡ್ ಹಾಕಿದೆ. ಎಲ್ರಿಗೂ ತುಂಬಾ ಥ್ಯಾಂಕ್ಸ್.

ಯುಪಿಎಸ್ ಹಿಂದೆ ಯುಎಸ್‌ಬಿ ಪೋರ್ಟ್ ಇದೆ. ಅದರಿಂದ ತಾನಾಗೇ ಶಟ್‌ಡೌನ್ ಆಗೋ ಹಾಗೆ ಮಾಡಬಹುದಾ?

ಸೊನ್ನೆಒಂದು
ಖಂಡಿತ. ವಿಂಡೋಸ್ ಆದ್ರೆ ಕೇಬಲ್ ಸಿಕ್ಕಿಸಿದ್ರೆ ಬಹುಪಾಲು ಲ್ಯಾಪ್‌ಟಾಪ್ ಥರ ಬ್ಯಾಟರಿ ಚಿಹ್ನೆ ಬರುತ್ತೆ. ಪವರ್ ಆಪ್ಷನ್ಸ್‌ನಲ್ಲಿ ಕ್ರಿಟಿಕಲ್ ಬ್ಯಾಟರಿ ಆಕ್ಷನ್ ಶಟ್‌ಡೌನ್‌ಗೆ ಹಾಕಿ, ಮಟ್ಟ 10 ಶೇಕಡಾ ಬೇಡ, 40 ಇಡಿ. ರೆಂಡರ್ ನಡೀತಿದ್ರೆ ನಿಮಗಿರೋದು ಮೂರ್ನಾಲ್ಕು ನಿಮಿಷ, ಬ್ಯಾಟರಿ ಹಳೆಯದಾದ ಹಾಗೆ ಆ ಶೇಕಡಾ ಲೆಕ್ಕ ಸುಳ್ಳು ಹೇಳುತ್ತೆ. ಲಿನಕ್ಸ್ ಆದ್ರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ, ಶೇಕಡಾ ನಂಬದೆ ಕರೆಂಟ್ ಹೋಗಿ 60 ಸೆಕೆಂಡ್ ಆದ್ರೆ ಶಟ್‌ಡೌನ್ ಅಂತ ಟೈಮರ್ ಕೊಡಿ.

ಕರೆಂಟ್ ಬಂದಾಗ ತಾನಾಗೇ ಆನ್ ಆಗಬೇಕು ಅಂದ್ರೆ ಬಯೋಸ್‌ನಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅನ್ನೋದನ್ನ 'ಪವರ್ ಆನ್'ಗೆ ಹಾಕಿ. 'ಲಾಸ್ಟ್ ಸ್ಟೇಟ್' ಹಾಕಿದ್ರೆ ಆಗಲ್ಲ, ಶಟ್‌ಡೌನ್ ಆಗಿದ್ದರಿಂದ ಕೊನೇ ಸ್ಥಿತಿ ಆಫ್ ಅಂತಾನೇ ಇರುತ್ತೆ.

ಓಮ್ ನಿಯಮ
ಅದರಲ್ಲಿ ಒಂದು ಬಿಟ್ಟುಹೋಯ್ತು. ಶಟ್‌ಡೌನ್ ಆದ್ಮೇಲೆ ಯುಪಿಎಸ್ ತನ್ನ ಔಟ್‌ಪುಟ್ಟನ್ನೂ ಕಡಿಯಬೇಕು. ಕಂಪ್ಯೂಟರ್ ಆಫ್ ಆಗಿ, ಬ್ಯಾಟರಿ ಇನ್ನೂ ಮುಗಿಯದೆ ಇರುವಾಗಲೇ ಕರೆಂಟ್ ಬಂದ್ರೆ ಎಸ್‌ಎಂಪಿಎಸ್‌ಗೆ ಕರೆಂಟ್ ಹೋಗಿದ್ದೇ ಗೊತ್ತಾಗಿರಲ್ಲ, ಬಯೋಸ್ ಯಾವುದಕ್ಕೂ ಏಳಲ್ಲ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್‌ನಲ್ಲಿ ಇದಕ್ಕೆ ಕಿಲ್‌ಪವರ್ ಅಂತ ವ್ಯವಸ್ಥೆ ಇದೆ: ಶಟ್‌ಡೌನ್‌ನ ಕೊನೇ ಹಂತದಲ್ಲಿ ಯುಪಿಎಸ್‌ಗೆ 'ಕೆಲವು ಸೆಕೆಂಡ್ ಬಿಟ್ಟು ಆಫ್ ಆಗು, ಕರೆಂಟ್ ಬಂದಾಗ ಆನ್ ಆಗು' ಅಂತ ಹೇಳಿಹೋಗುತ್ತೆ. ಅಗ್ಗದ ಮಾಡೆಲ್‌ಗಳಲ್ಲಿ ಕೆಲವು ಈ ಮಾತು ಕೇಳಲ್ಲ. ಕಂಪ್ಯೂಟರ್ ಬದಲು ಬಲ್ಬ್ ಹಾಕಿ, ಲ್ಯಾಪ್‌ಟಾಪ್‌ನಿಂದ ಆ ಆಜ್ಞೆ ಕಳಿಸಿ ಒಮ್ಮೆ ನೋಡಿ. ಬಲ್ಬ್ ಆರಿ, ಸ್ವಿಚ್ ಹಾಕಿದಾಗ ತಾನಾಗೇ ಹತ್ತಿದ್ರೆ ಕೆಲಸ ಆಗುತ್ತೆ.

ಕೀಲಿಮಣೆ
ನೋಡಿದೆ. ಆರುತ್ತೆ, ಹತ್ತುತ್ತೆ.